ಬಿಸಿಲುಸೀಮೆಯಲ್ಲಿ ಅಗ್ಗದ ಟೆಲಿ ಜೂಮ್: ಎಲ್ಲಿ ಬಳಸಬೇಕು, ಎಲ್ಲಿ ಚೀಲದಲ್ಲೇ ಬಿಡಬೇಕು

ಡಬಲ್ ಕಿಟ್, ಅಂದರೆ ಎರಡು ಲೆನ್ಸ್ ಜೊತೆ ಬರುವ ಕ್ಯಾಮೆರಾ ಕೊಂಡವರ ಮನೆಯಲ್ಲಿ ಎರಡನೇ ಲೆನ್ಸ್‌ನ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಜೂಮ್‌ನ ಕಥೆ ಹೆಚ್ಚುಕಡಿಮೆ ಒಂದೇ. ಮೊದಲ ವಾರ ಎದುರುಮನೆ ಮಾಳಿಗೆಯ ಪಾರಿವಾಳ, ರಾತ್ರಿ ಹುಣ್ಣಿಮೆ ಚಂದ್ರ. ಆಮೇಲೆ ನೆಂಟರ ಮದುವೆಗೆ ಒಯ್ಯುತ್ತಾರೆ, ಫೋಟೋಗಳೆಲ್ಲ ಮಸುಕಾಗಿ ಬರುತ್ತವೆ. "ಈ ಲೆನ್ಸ್ ಸರಿ ಇಲ್ಲ ಬಿಡ್ರಿ" ಎಂದು ಬೀರುವಿಗೆ ಸೇರಿಸಿದರೆ ಮತ್ತೆ ಹೊರಗೆ ಬರುವುದು ಮಾರುವಾಗಲೇ.

ಲೆನ್ಸ್ ಸರಿ ಇದೆ. ಅದಕ್ಕೆ ಬೇಕಾದದ್ದು ಬೆಳಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬೆಳಕಿಗೆ ಬರವಿಲ್ಲ. ಆದರೆ ಬೆಳಕು ಕೊಡುವ ಬಿಸಿಲೇ ಹೊತ್ತೇರಿದ ಮೇಲೆ ನೆಲ ಕಾಯಿಸಿ, ಗಾಳಿ ಕುಣಿಸಿ, ಚಿತ್ರ ಕೆಡಿಸುತ್ತದೆ. ನಮ್ಮ ಕಡೆ ಈ ಲೆನ್ಸ್ ಬಳಸುವವರು ಮೊದಲು ಕಲಿಯಬೇಕಾದದ್ದು ಈ ಎರಡರ ನಡುವಿನ ಹೊತ್ತನ್ನು ಹಿಡಿಯುವುದು. ಮೆನು, ಮೋಡ್‌ಗಳೆಲ್ಲ ಆಮೇಲೆ.

ಮೊದಲು ನಿಮ್ಮ ಕೈಯಲ್ಲಿರುವುದು ಯಾವುದು ನೋಡಿ

ಅಗ್ಗದ ಟೆಲಿ ಜೂಮ್ ಎಂದು ನಾನು ಹೇಳುತ್ತಿರುವುದು ಕೆನಾನ್ 55-250, ನಿಕಾನ್ 70-300, ಸೋನಿ 55-210, ಟ್ಯಾಮ್ರಾನ್ 70-300 ಈ ಜಾತಿಯವನ್ನು. ಈ ಸಂಖ್ಯೆಗಳು ಎಂಎಂನಲ್ಲಿ ಲೆನ್ಸ್‌ನ ಫೋಕಲ್ ಲೆಂಗ್ತ್, ಅದು ಹೆಚ್ಚಾದಷ್ಟು ದೂರದ್ದು ದೊಡ್ಡದಾಗಿ ಕಾಣುತ್ತದೆ. ಹೊರಗಿನಿಂದ ಎಲ್ಲ ಒಂದೇ ಥರ ಕಂಡರೂ ಒಳಗೆ ವ್ಯತ್ಯಾಸ ಬಹಳ.

ಕೈನಡುಕ ತಡೆಯುವ ವ್ಯವಸ್ಥೆ ಇದೆಯೋ ಇಲ್ಲವೋ ಎಂಬುದನ್ನು ಮೊದಲು ನೋಡಿ. ಕೆನಾನ್‌ನಲ್ಲಿ ಅದಕ್ಕೆ ಐಎಸ್, ನಿಕಾನ್‌ನಲ್ಲಿ ವಿಆರ್, ಟ್ಯಾಮ್ರಾನ್‌ನಲ್ಲಿ ವಿಸಿ ಎನ್ನುತ್ತಾರೆ. ಕೆನಾನ್ 55-250 ಐಎಸ್ ಎಸ್‌ಟಿಎಂ 2013ರಲ್ಲಿ ಬಂದದ್ದು. ತೂಕ 375 ಗ್ರಾಂ, ಬೆಲೆಗೆ ಹೋಲಿಸಿದರೆ ಚೂಪಾದ ಲೆನ್ಸ್. ಅದೇ ಕಂಪನಿಯ 75-300 IIIರಲ್ಲಿ ಐಎಸ್ ಇಲ್ಲ, 300ರ ತುದಿಯಲ್ಲಿ ಚಿತ್ರ ಮೆತ್ತಗೆ ಬರುತ್ತದೆ. 300 ಎಂಬ ಸಂಖ್ಯೆ ದೊಡ್ಡದು ಎಂದು ಅದನ್ನು ಆರಿಸುವವರು ಬಹಳ ಮಂದಿ. ನನ್ನನ್ನು ಕೇಳಿದರೆ 55-250 ತಗೊಳ್ಳಿ ಎಂದೇ ಹೇಳುತ್ತೇನೆ.

ನಿಕಾನ್‌ನವರಿಗೆ ಬೇರೆ ತೊಡಕು. ಡಿ3000, ಡಿ5000 ಸಾಲಿನ ಬಾಡಿಗಳೊಳಗೆ ಫೋಕಸ್ ಮೋಟರ್ ಇರುವುದಿಲ್ಲ, ಲೆನ್ಸ್‌ನಲ್ಲೇ ಇರಬೇಕು. ಮೋಟರ್ ಇಲ್ಲದ ಹಳೇ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ತಿರುಗಿಸುತ್ತ ಕೂಡಬೇಕು. ಹೊಸ ಎಎಫ್-ಪಿ ಲೆನ್ಸ್‌ಗಳಂತೂ ಡಿ3100, ಡಿ90ಯಂಥ ಹಳೇ ಬಾಡಿಗಳಲ್ಲಿ ಫೋಕಸ್ ಮಾಡುವುದೇ ಇಲ್ಲ. ಎಎಫ್-ಪಿ 70-300ರಲ್ಲೇ ವಿಆರ್ ಇರುವುದು ಒಂದು, ಇಲ್ಲದ್ದು ಒಂದು ಇದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸ್ ಮೇಲಿನ ಅಕ್ಷರಗಳನ್ನು ಪೂರ್ತಿ ಓದಿ. ನಿಮ್ಮ ಬಾಡಿಗೆ ಹಾಕಿ ನೋಡದೆ ದುಡ್ಡು ಕೊಡಬೇಡಿ. ಮುಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಹಿಂದಿನಿಂದ ಇಣುಕಿದರೆ ಒಳಗಿನ ಬೂಷ್ಟು ಬಿಳಿ ಎಳೆಎಳೆಯಾಗಿ ಕಾಣುತ್ತದೆ. ಅಂಥದ್ದು ಬೇಡ. ನಾಲ್ಕು ಧೂಳಿನ ಕಣ ಕಂಡರೆ ತೊಂದರೆ ಇಲ್ಲ.

ಎಷ್ಟು ದೂರ, ಎಷ್ಟು ದೊಡ್ಡದು: ಲೆಕ್ಕ ಹಾಕಿ

"300 ಎಂಎಂ ಅಂದ್ರ ಎಷ್ಟು ದೂರ ಹೊಡೀತದರಿ?" ಎಲ್ಲರೂ ಕೇಳುವ ಪ್ರಶ್ನೆ. ದೂರಕ್ಕೆ ಮಿತಿ ಇಲ್ಲ, ಚಂದ್ರನವರೆಗೂ ಹೊಡೆಯುತ್ತದೆ. ಆದರೆ ಫ್ರೇಮಿನಲ್ಲಿ ಎಷ್ಟು ದೊಡ್ಡದಾಗಿ ಕೂಡುತ್ತದೆ ಎಂಬುದು ಮುಖ್ಯ.

ಲೆಕ್ಕ ಸುಲಭ. ಸೆನ್ಸರ್ ಅಗಲವನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸಿ, ದೂರದಿಂದ ಗುಣಿಸಿ. ನಿಕಾನ್‌ನ ಚಿಕ್ಕ ಸೆನ್ಸರ್ ಡಿಎಕ್ಸ್‌ನ ಅಗಲ 23.5 ಎಂಎಂ. 300 ಎಂಎಂನಲ್ಲಿ 20 ಮೀಟರ್ ದೂರಕ್ಕೆ ಫ್ರೇಮಿನ ಅಗಲ ಸುಮಾರು 1.57 ಮೀಟರ್. ಪಿಕಳಾರದಂಥ 20 ಸೆಂಟಿಮೀಟರ್ ಹಕ್ಕಿ ಅದರಲ್ಲಿ ಎಂಟನೇ ಒಂದು ಭಾಗ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 760 ಪಿಕ್ಸೆಲ್ ಸಿಕ್ಕಿತು. ಕ್ರಾಪ್ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಬಹುದು, ಗೋಡೆಗೆ ಹಾಕಲಾಗದು. ಅದೇ ಹಕ್ಕಿ ಕೆರೆಯ ಆಚೆ ದಡದಲ್ಲಿ, 60 ಮೀಟರ್ ದೂರದಲ್ಲಿ ಕೂತರೆ 250 ಪಿಕ್ಸೆಲ್. ಅಷ್ಟರಲ್ಲಿ ಯಾವ ಹಕ್ಕಿ ಎಂದು ಗುರುತು ಹಿಡಿದರೆ ಪುಣ್ಯ.

ಹಾಗಾಗಿ 20 ಸೆಂಟಿಮೀಟರ್ ಹಕ್ಕಿಗೆ 10 ಮೀಟರ್, ಬೆಳ್ಳಕ್ಕಿ ಗಾತ್ರದ್ದಕ್ಕೆ 20-25 ಮೀಟರ್, ಮನುಷ್ಯರಿಗೆ 50 ಮೀಟರ್ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಅದಕ್ಕಿಂತ ದೂರವಿದ್ದರೆ ಹತ್ತಿರ ಹೋಗಿ. ಹೋಗಲಾಗದಿದ್ದರೆ ಹಕ್ಕಿಯ ಜೊತೆ ಬಂಡೆ, ಕೆರೆ, ಗುಡ್ಡ ಸೇರಿಸಿ ಚಿತ್ರ ಮಾಡಿ. ಬಾಡಿಗೂ ಲೆನ್ಸ್‌ಗೂ ನಡುವೆ ಸಿಕ್ಕಿಸುವ ಟೆಲಿಕನ್ವರ್ಟರ್ ಹಾಕಿ ಉದ್ದ ಮಾಡುವ ಆಸೆ ಬೇಡ. ಬಹುಪಾಲು ಕಿಟ್ ಲೆನ್ಸ್‌ಗಳಿಗೆ ಅದು ಕೂಡುವುದಿಲ್ಲ. ಕೂಡಿದರೂ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ, ಎಫ್ ಸಂಖ್ಯೆ ಹೆಚ್ಚಾದಷ್ಟು ಕಿಂಡಿ ಕಿರಿದು) ಎಫ್/5.6 ಇದ್ದದ್ದು 1.4 ಕನ್ವರ್ಟರ್‌ಗೆ ಎಫ್/8 ಆಗುತ್ತದೆ, ಫೋಕಸ್ ತಡಕಾಡತೊಡಗುತ್ತದೆ.

ಹೊತ್ತು: ಎಲ್ಲಕ್ಕಿಂತ ಮುಖ್ಯವಾದದ್ದು

ಅಗ್ಗದ ಜೂಮ್‌ನ ಉದ್ದನೆಯ ತುದಿಯಲ್ಲಿ ಅಪರ್ಚರ್ ಎಫ್/5.6 ಅಥವಾ ಎಫ್/6.3. ದುಬಾರಿ 70-200 ಎಫ್/2.8 ಲೆನ್ಸ್ ಒಳಗೆ ಬಿಡುವ ಬೆಳಕಿನಲ್ಲಿ ಎಫ್/5.6ಕ್ಕೆ ಸಿಗುವುದು ಕಾಲು ಭಾಗ. ಮೇಲಾಗಿ ಪೂರ್ತಿ ತೆರೆದಾಗ ಚಿತ್ರ ಕೊಂಚ ಮೆತ್ತಗೆ, ಎಫ್/8ಕ್ಕೆ ತಂದರೆ ಚುರುಕು. ಎಫ್/8 ಎಂದರೆ ಬೆಳಕು ಇನ್ನೂ ಅರ್ಧ.

ಮಲೆನಾಡಿನವರಿಗೆ ಇದು ತಲೆನೋವು. ನಮಗಲ್ಲ. ಮೋಡವಿಲ್ಲದ ಬಿಸಿಲಿನಲ್ಲಿ ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಅಳತೆ) 100, ಎಫ್/16ಕ್ಕೆ ಶಟರ್ 1/100 ಸೆಕೆಂಡ್ ಎಂಬುದು ಫಿಲ್ಮ್ ಕಾಲದಿಂದ ಬಂದ ಲೆಕ್ಕ. ಅದನ್ನೇ ಎಫ್/8, ಐಎಸ್ಒ 400ಕ್ಕೆ ತಿರುಗಿಸಿದರೆ 1/1600. ಹಾರುವ ಹಕ್ಕಿಯನ್ನೂ ನಿಲ್ಲಿಸುವ ವೇಗ ಇದು. ಬೆಳಗಿನ ಓರೆ ಬಿಸಿಲಿಗೆ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ಇಮ್ಮಡಿ) ಕಳೆದರೂ 1/500, 1/640 ಉಳಿಯುತ್ತದೆ. ಎಫ್/2.8 ಲೆನ್ಸ್ ಇದ್ದವರೂ ಅಂಥ ಬೆಳಕಿನಲ್ಲಿ ಎಫ್/5.6, ಎಫ್/8ಕ್ಕೆ ತರುವುದುಂಟು. ಆ ಹೊತ್ತಿನಲ್ಲಿ ನಿಮ್ಮ ಲೆನ್ಸ್‌ಗೂ ಅವರ ಲೆನ್ಸ್‌ಗೂ ಇರುವ ಅಂತರ ಬೆಲೆಯಷ್ಟು ದೊಡ್ಡದಲ್ಲ.

ಇನ್ನು ಹಗೆಯ ಮಾತು. ಬೇಸಿಗೆಯಲ್ಲಿ ಹತ್ತು ಗಂಟೆಯ ಹೊತ್ತಿಗೆಲ್ಲ ಬಂಡೆ, ಡಾಂಬರು, ಉಳುಮೆ ಮಾಡಿದ ಎರೆಭೂಮಿ ಕಾದು ಬಿಸಿಗಾಳಿ ಮೇಲೇಳುತ್ತದೆ. ಬಿಸಿ ಗಾಳಿ, ತಣ್ಣನೆ ಗಾಳಿ ಬೆಳಕನ್ನು ಬೇರೆಬೇರೆಯಾಗಿ ಬಾಗಿಸುವುದರಿಂದ ಆಚೆಯ ವಸ್ತು ನಡುಗಿದಂತೆ ಕಾಣುತ್ತದೆ. ಬರಿಗಣ್ಣಿಗೆ ಬಿಸಿಲ್ಗುದುರೆ ಕಾಣದಿದ್ದರೂ 300 ಎಂಎಂಗೆ ಕಾಣುತ್ತದೆ. ದೂರ ಹೆಚ್ಚಾದಷ್ಟು ನಡುವಿನ ಗಾಳಿ ಹೆಚ್ಚು, ಕೆಡುಕೂ ಹೆಚ್ಚು. ಎರಡು ಲಕ್ಷದ ಲೆನ್ಸ್ ಹಾಕಿದರೂ ಇದು ಸರಿಯಾಗದು, ಸಾಫ್ಟ್‌ವೇರಿನಲ್ಲಿ ಶಾರ್ಪ್ ಮಾಡಿದರೆ ಇನ್ನೂ ಹೊಲಸಾಗಿ ಕಾಣುತ್ತದೆ. ಹೊತ್ತು ಬದಲಿಸಬೇಕು, ಇಲ್ಲವೇ ಹತ್ತಿರ ಹೋಗಬೇಕು. ನೀರು ತುಂಬಿದ ಗದ್ದೆಯ ಮೇಲಿನ ಗಾಳಿ ಬಂಡೆಯ ಮೇಲಿನದಕ್ಕಿಂತ ತಡವಾಗಿ ಕುಣಿಯುತ್ತದೆ. ಎಸಿ ಹಾಕಿದ ಕಾರಿನ ಕಿಟಕಿ ಇಳಿಸಿದ ತಕ್ಷಣ ಹೊಡೆದರೂ ಇದೇ ಗತಿ. ಒಳಗಿನ ತಂಪು, ಹೊರಗಿನ ಬಿಸಿ ಲೆನ್ಸ್ ಮುಂದೆಯೇ ಕಲೆಯುತ್ತಿರುತ್ತವೆ. ಎಸಿ ಆರಿಸಿ, ಕಿಟಕಿಗಳನ್ನೆಲ್ಲ ಇಳಿಸಿ ಐದು ನಿಮಿಷ ತಡೆಯಿರಿ.

ಮಾರ್ಚ್‌ನಿಂದ ಮೇವರೆಗೆ ಸೂರ್ಯ ಹುಟ್ಟಿದಲ್ಲಿಂದ ಎಂಟೂವರೆ, ಹೆಚ್ಚೆಂದರೆ ಒಂಬತ್ತು ಗಂಟೆ. ನವೆಂಬರ್‌ನಿಂದ ಜನವರಿವರೆಗೆ ಹತ್ತೂವರೆ ತನಕ ಧಾರಾಳ. ಸಂಜೆ ಬೆಳಕು ಬಂಗಾರದಂತೆ ಕಂಡರೂ ಬಂಡೆಗಳು ಕಾವು ಬಿಡುತ್ತಲೇ ಇರುತ್ತವೆ, ಬಳ್ಳಾರಿ ಗುಡ್ಡದ ಕಡೆ ಸಂಜೆ ನಿಂತವರಿಗೆ ಆ ಝಳ ಗೊತ್ತು. ದೂರದ ಚಿತ್ರಕ್ಕೆ ಬೆಳಗ್ಗೆಯೇ ವಾಸಿ.

ಮಸುಕು ಯಾವ ಕಾರಣಕ್ಕೆ ಬಂತು, ಪತ್ತೆ ಮಾಡುವುದು ಹೇಗೆ

ಲೆನ್ಸನ್ನು ಬೈಯುವ ಮೊದಲು ಫೋಟೋವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿ.

ಚಿತ್ರದಲ್ಲಿರುವುದೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದು, ಚುಕ್ಕೆಗಳು ಗೆರೆಗಳಾಗಿದ್ದರೆ ಕೈ ನಡುಗಿದೆ. ಹಕ್ಕಿ ಮಸುಕಾಗಿ, ಹಿಂದಿನ ಜಾಲಿ ಕಂಟಿಯ ಮುಳ್ಳು ಮುಳ್ಳೂ ಎಣಿಸುವಂತಿದ್ದರೆ ಫೋಕಸ್ ತಪ್ಪಿದೆ. ಕೂತಿರುವ ಕೊಂಬೆ ಚೂಪು, ಹಕ್ಕಿಯ ತಲೆ ಮಾತ್ರ ಮಸುಕು ಎಂದರೆ ಹಕ್ಕಿಯೇ ತಲೆ ತಿರುಗಿಸಿದೆ, ಶಟರ್ ಸಾಲದು. ಇದಕ್ಕೆ ಐಎಸ್ ಏನೂ ಮಾಡಲಾರದು, ಅದು ನಿಮ್ಮ ಕೈಯನ್ನು ಹಿಡಿಯುತ್ತದೆ, ಹಕ್ಕಿಯ ಕತ್ತನ್ನಲ್ಲ. ಅಂಚುಗಳು ಅಲೆಅಲೆಯಾಗಿ, ಒಂದರ ಹಿಂದೊಂದು ಹೊಡೆದ ಹತ್ತು ಫ್ರೇಮುಗಳಲ್ಲಿ ಮಸುಕು ಬೇರೆಬೇರೆ ಕಡೆ ಇದ್ದರೆ ಅದು ಬಿಸಿಗಾಳಿ. ಎಲ್ಲ ಫ್ರೇಮುಗಳಲ್ಲೂ ಒಂದೇ ಸಮನೆ ಮೆತ್ತಗಿದ್ದು, ಎಫ್/8ಕ್ಕೆ ಹೋದಾಗ ಸುಧಾರಿಸಿದರೆ ಮಾತ್ರ ತಪ್ಪನ್ನು ಲೆನ್ಸ್ ಮೇಲೆ ಹಾಕಿ. ಮುಂದೆ ಸಿಕ್ಕಿಸಿದ ನೂರು ರೂಪಾಯಿಯ ಯುವಿ ಫಿಲ್ಟರನ್ನೂ ಒಮ್ಮೆ ತೆಗೆದು ನೋಡಿ. ಉದ್ದನೆಯ ಲೆನ್ಸ್‌ನಲ್ಲಿ ಅಗ್ಗದ ಗಾಜಿನ ಕಾಟ ಜಾಸ್ತಿ.

ಬೆಳ್ಳಕ್ಕಿಯ ರೆಕ್ಕೆಯಂಚಿಗೆ, ಆಕಾಶಕ್ಕೆ ಎದುರಾದ ಕೊಂಬೆಗೆ ನೇರಳೆ ಗೆರೆ ಬರುವುದು ಈ ಲೆನ್ಸ್‌ಗಳ ಹುಟ್ಟುಗುಣ. ರಾ ಫೈಲನ್ನು (ಕ್ಯಾಮೆರಾದ ಕಚ್ಚಾ ಫೈಲು) ಸಾಫ್ಟ್‌ವೇರಿನಲ್ಲಿ ತೆರೆದರೆ ಒಂದು ಟಿಕ್ಕಿಗೆ ಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಸೆಟ್ಟಿಂಗ್

ಅಪರ್ಚರ್ ಪ್ರಯಾರಿಟಿಯಲ್ಲಿ (ಅಪರ್ಚರ್ ನೀವು ಇಟ್ಟು, ಶಟರನ್ನು ಕ್ಯಾಮೆರಾ ಆರಿಸುವ ಮೋಡ್) ಎಫ್/8, ಆಟೋ ಐಎಸ್ಒ, ಕನಿಷ್ಠ ಶಟರ್ 1/500. ಹಾರುವ ಹಕ್ಕಿಗೆ 1/1600. ಸುಮ್ಮನೆ ನಿಂತ ವಸ್ತುವಿಗೆ, ಐಎಸ್ ಇಲ್ಲದ ಲೆನ್ಸ್‌ನಲ್ಲಿ ಫೋಕಲ್ ಲೆಂಗ್ತನ್ನು ಸೆನ್ಸರಿನ ಗುಣಕದಿಂದ ಗುಣಿಸಿ ಶಟರ್ ಲೆಕ್ಕ ಹಾಕಿ. ಕೆನಾನ್ ಕ್ರಾಪ್ (ಚಿಕ್ಕ ಸೆನ್ಸರಿನ) ಬಾಡಿಯಲ್ಲಿ 250 ಎಂದರೆ 1.6ರಿಂದ ಗುಣಿಸಿ 400, ಅಂದರೆ 1/400ಕ್ಕಿಂತ ಕೆಳಗಿಳಿಯಬೇಡಿ.

ಫೋಕಸ್‌ಗೆ ನಡುವಿನ ಒಂದೇ ಪಾಯಿಂಟ್. ಹಕ್ಕಿ ಬರುವ ಮುಂಚೆಯೇ ಅದು ಕೂಡುವ ಗೂಟಕ್ಕೋ ಕೊಂಬೆಗೋ ಫೋಕಸ್ ಮಾಡಿಟ್ಟುಕೊಳ್ಳಿ. ಈ ಲೆನ್ಸ್‌ಗಳ ಮೋಟರ್ ನಿಧಾನ, ಒಮ್ಮೆ ತಪ್ಪಿದರೆ ಈ ತುದಿಯಿಂದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ನೀಲಕಂಠ ಮುಂದಿನ ಕಂಬಕ್ಕೆ ಹೋಗಿರುತ್ತದೆ.

ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಬಗ್ಗೆ ಒಂದು ಮಾತು. ಹಸಿರು ಗದ್ದೆಯ ನಡುವೆ ಚಿಕ್ಕದಾಗಿ ಕಾಣುವ ಬೆಳ್ಳಕ್ಕಿಗೆ ಮೈನಸ್ ಮುಕ್ಕಾಲು, ಒಂದು ಸ್ಟಾಪ್ ಕೊಡದಿದ್ದರೆ ಗರಿಯೆಲ್ಲ ಸುಣ್ಣ ಬಳಿದಂತಾಗುತ್ತದೆ. ಆಕಾಶಕ್ಕೆ ಎದುರಾಗಿ ತಂತಿ ಮೇಲೆ ಕೂತ ಕಾಜಾಣಕ್ಕೆ ಪ್ಲಸ್ ಒಂದು.

ಈ ಲೆನ್ಸ್ ಗೆಲ್ಲುವ ಜಾಗಗಳು

ಕಾಲುವೆಗೆ ನೀರು ಬಿಟ್ಟ ಮೇಲೆ ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಟ್ರ್ಯಾಕ್ಟರಿಗೆ ಕೇಜ್‌ವೀಲ್ ಹಾಕಿ ಗದ್ದೆ ಕೆಸರು ಮಾಡುತ್ತಾರೆ. ಮಗುಚಿದ ಮಣ್ಣಿನಿಂದ ಏಳುವ ಹುಳಹುಪ್ಪಟೆಗೆ ಬೆಳ್ಳಕ್ಕಿಗಳು ಟ್ರ್ಯಾಕ್ಟರಿನ ಬೆನ್ನು ಹತ್ತುತ್ತವೆ. ಒಬ್ಬನೇ ನಡೆದು ಹೋದರೆ 50 ಮೀಟರಿಗೇ ಹಾರುವ ಹಕ್ಕಿ ಇಂಜಿನ್ ಸದ್ದಿಗೆ ಕ್ಯಾರೇ ಎನ್ನದೆ ಚಕ್ರದ ಪಕ್ಕದಲ್ಲೇ ಇಳಿಯುತ್ತದೆ. ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತರೆ ಟ್ರ್ಯಾಕ್ಟರ್ ಪ್ರತಿ ಸುತ್ತಿಗೂ ನಿಮ್ಮ ಮುಂದೆ 15 ಮೀಟರಿನಲ್ಲಿ ಹಾದುಹೋಗುತ್ತದೆ, ಹಿಂದೆಯೇ ಹಕ್ಕಿಗಳ ಹಿಂಡು. ಸೂರ್ಯ ನಿಮ್ಮ ಬೆನ್ನಿಗಿರಲಿ. 250 ಎಂಎಂಗೆ ಇದಕ್ಕಿಂತ ಹೇಳಿಮಾಡಿಸಿದ ಜಾಗ ನನಗೆ ಗೊತ್ತಿಲ್ಲ. ಗದ್ದೆಯವರಿಗೆ ಒಂದು ಮಾತು ಹೇಳಿ ಬದು ಹತ್ತಿ, ಹಚ್ಚಿದ ನಾಟಿ ತುಳಿಯಬೇಡಿ.

ಹಕ್ಕಿಗಳನ್ನು ಬಿಟ್ಟು ನೋಡುವುದಾದರೆ ಗುಡಿಗಳು. ಟೆಲಿ ಲೆನ್ಸ್ ಎಂದರೆ ಹಕ್ಕಿ ಎಂದು ಎಲ್ಲರೂ ಏಕೆ ಅಂದುಕೊಳ್ಳುತ್ತಾರೋ! ಕುಕನೂರು ತಾಲೂಕಿನ ಇಟಗಿಯ ಮಹಾದೇವ ದೇವಾಲಯ ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಬಳಪದ ಕಲ್ಲಿನಲ್ಲಿ ಕೊರೆದ ಶಿಖರದ ಮೇಲಿನ ಕೀರ್ತಿಮುಖಗಳನ್ನು ನೆಲದಲ್ಲಿ ನಿಂತು ಬರಿಗಣ್ಣಿನಿಂದ ಬಿಡಿಸಿ ನೋಡುವುದು ಕಷ್ಟ. 200 ಎಂಎಂನಲ್ಲಿ ಒಂದೊಂದು ಹಲ್ಲು, ಒಂದೊಂದು ಬಳ್ಳಿ ಬೇರೆಬೇರೆ. ಚಳಿಗಾಲದ ಬೆಳಗ್ಗೆ ಬಿಸಿಲು ದಕ್ಷಿಣದ ಗೋಡೆಯನ್ನು ಓರೆಯಾಗಿ ಸವರುವಾಗ ಕೆತ್ತನೆಯ ಆಳ ಎದ್ದು ಕಾಣುತ್ತದೆ. ಕಲ್ಲು ಎಲ್ಲಿಗೂ ಹಾರಿಹೋಗುವುದಿಲ್ಲ, ನಿಧಾನದ ಮೋಟರ್ ಸಾಕು, ಎಫ್/8 ಸಾಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಕೇಳುತ್ತಾರೆ, ಹಾಗಾಗಿ ಮೊಣಕೈಯನ್ನು ಎದೆಗೆ ಒತ್ತಿಕೊಂಡು ಹೊಡೆಯುವುದನ್ನು ರೂಢಿ ಮಾಡಿಕೊಳ್ಳಿ. ನಡುವೆ ನಿಲ್ಲಿಸದೆ ಮೂರು ನಾಲ್ಕು ಫ್ರೇಮ್ ಹೊಡೆದರೆ ಒಂದಾದರೂ ಚೂಪಾಗಿ ಬರುತ್ತದೆ.

ಕುರುಗೋಡು, ಸಿರುಗುಪ್ಪ ಕಡೆ ಮೆಣಸಿನಕಾಯಿ ಒಣಹಾಕಿದ ಕಣಗಳೂ ಅಷ್ಟೇ. ದೂರದಿಂದ ಹೊಡೆದಾಗ ಹಿಂದು ಮುಂದಿನ ರಾಶಿಗಳು ಒಂದರ ಮೇಲೊಂದು ಒತ್ತಿಕೊಂಡು ಫ್ರೇಮೆಲ್ಲ ಕೆಂಪಾಗುತ್ತದೆ. ಈ ಒತ್ತುವಿಕೆ ಲೆನ್ಸ್‌ನಿಂದ ಅಲ್ಲ, ನೀವು ದೂರ ನಿಂತದ್ದರಿಂದ ಬರುವುದು. ಆದ್ದರಿಂದ ಹಿಂದೆ ಸರಿದು ಜೂಮ್ ಮಾಡಿ. ಆಯುವ ಹೆಣ್ಣುಮಕ್ಕಳನ್ನು ಕದ್ದು ಹೊಡೆಯಬೇಡಿ. "ಯಕ್ಕಾ, ಒಂದ್ ಫೋಟೋ ತಗೀಲೇನ್ರಿ?" ಎಂದು ಕೇಳಿ, ಅವರು ನಕ್ಕು ಮತ್ತೆ ಕೆಲಸಕ್ಕೆ ತಲೆ ಬಗ್ಗಿಸಿದ ಮೇಲೆ ದೂರ ಹೋಗಿ ಹೊಡೆಯಿರಿ. ಆಗ ಮುಖ ಸಹಜವಾಗಿರುತ್ತದೆ.

ಚಿಟ್ಟೆ, ಓತಿಕ್ಯಾತ, ಹೂವಿಗೂ ಇವು ಆಗುತ್ತವೆ. ಕೆನಾನ್ 55-250 ಎಸ್‌ಟಿಎಂ 85 ಸೆಂಟಿಮೀಟರಿನಿಂದ ಫೋಕಸ್ ಮಾಡುತ್ತದೆ. ಟ್ಯಾಮ್ರಾನ್ 70-300 ಎಲ್‌ಡಿಯ ಮ್ಯಾಕ್ರೊ ಸ್ವಿಚ್ ಹಾಕಿದರೆ ವಸ್ತು ಸೆನ್ಸರ್ ಮೇಲೆ ಅದರ ಅರ್ಧ ಗಾತ್ರಕ್ಕೆ ಬೀಳುತ್ತದೆ.

ಸೋಲುವ ಜಾಗಗಳು

ಜನವರಿಯ ಕೊಪ್ಪಳ ಗವಿಮಠದ ಜಾತ್ರೆ ಇದಕ್ಕೆ ಒಳ್ಳೆಯ ಪಾಠ. ತೇರು ಎಳೆಯುವುದು ಸಂಜೆ. ಹೊತ್ತು ಮುಳುಗುವ ಮುನ್ನ ಎಫ್/5.6, ಐಎಸ್ಒ 400ಕ್ಕೆ 1/500 ಸಿಗುತ್ತದೆ. ಜನರ ಕೈಯಿಂದ ತೇರಿನತ್ತ ಹಾರುವ ಉತ್ತತ್ತಿ ಗಾಳಿಯಲ್ಲಿ ನಿಂತಂತೆ ಹಿಡಿಯಬಹುದು. ಸೂರ್ಯ ಇಳಿದ ಸ್ವಲ್ಪ ಹೊತ್ತಿಗೆ ಐಎಸ್ಒ 1600ಕ್ಕೆ 1/320. ದೀಪ ಹತ್ತಿದ ಮೇಲೆ ಐಎಸ್ಒ 6400ಕ್ಕೂ 1/125 ಸಿಕ್ಕರೆ ಹೆಚ್ಚು. ಅಲ್ಲಿಗೆ ಟೆಲಿ ಜೂಮ್ ಚೀಲಕ್ಕೆ ಹೋಗಲಿ. 18-55 ಹಾಕಿ ಇಡೀ ಜನಸಾಗರ ಹಿಡಿಯಿರಿ, ಅಥವಾ 50 ಎಂಎಂ ಎಫ್/1.8 ಹಾಕಿ ಪಕ್ಕದಲ್ಲಿದ್ದವರ ಮುಖ ನೋಡಿ. ತುದಿಗಿಂತ ಮೊದಲೇ ನಿಲ್ಲುವುದೂ ಒಂದು ಉಪಾಯ. 55-250 ಲೆನ್ಸ್ ಗಿಡ್ಡ ತುದಿಯಲ್ಲಿ ಎಫ್/4 ಕೊಡುತ್ತದೆ, ಅಂದರೆ ಒಂದು ಸ್ಟಾಪ್ ಲಾಭ.

ರಾತ್ರಿ ಬಯಲಾಟ, ಶಾಲೆಯ ವಾರ್ಷಿಕೋತ್ಸವ, ಕಲ್ಯಾಣ ಮಂಟಪ, ಫ್ಲಡ್‌ಲೈಟ್ ಕಬಡ್ಡಿ ಇವಕ್ಕೆಲ್ಲ ಇದೇ ಉತ್ತರ. ಬೇಡ.

ದರೋಜಿಯದು ಬೇರೆ ಥರದ ಸೋಲು. ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ 1994ರಲ್ಲಿ ಘೋಷಣೆಯಾದ ಈ ಕರಡಿಧಾಮದಲ್ಲಿ ವೀಕ್ಷಣಾ ಗೋಪುರದಿಂದ ಎದುರಿನ ಬಂಡೆಗುಡ್ಡ ನೋಡಬೇಕು. ಸಂಜೆಯ ಬೆಳಕು, ಕಾದ ಬಂಡೆ, ಕಪ್ಪು ಪ್ರಾಣಿ, ದೂರ, ನಾಲ್ಕೂ ಕೂಡಿಕೊಂಡು ನಿಮ್ಮ ವಿರುದ್ಧ. 150 ಮೀಟರ್ ಆಚೆಯ ಕರಡಿ ಎಂದಿಟ್ಟುಕೊಂಡರೆ 300 ಎಂಎಂನಲ್ಲಿ ಫ್ರೇಮಿನ ಅಗಲ ಹತ್ತಿರಹತ್ತಿರ 12 ಮೀಟರ್, ಒಂದೂವರೆ ಮೀಟರ್ ಕರಡಿ ಅದರಲ್ಲೊಂದು ಮೂಲೆ. ಕರಡಿಯ ಮುಖದ ಕೂದಲು ತೋರಿಸುವ ಹಟ ಬಿಟ್ಟು, ಬಂಡೆಗಳ ರಾಶಿಯ ನಡುವೆ ಇಳಿದುಬರುವ ತಾಯಿಮರಿಯನ್ನು ಸಣ್ಣದಾಗಿಯೇ ಇಡಿ. ದಾಖಲೆಯಾಗಿ ಆ ಚಿತ್ರಕ್ಕೇ ಹೆಚ್ಚು ಬೆಲೆ. ಕೊಪ್ಪಳ ಜಿಲ್ಲೆಯ ಬಂಕಾಪುರದ ತೋಳಗಳ ಹಿಂದೆ ಬೈಕ್ ಓಡಿಸಿ ಹತ್ತಿರದ ಫೋಟೋ ಮಾಡಲು ಹೋಗುವವರಿಗೆ ಹೇಳುವುದೇನೂ ಇಲ್ಲ, ಅದು ಲೆನ್ಸ್‌ನ ಸಮಸ್ಯೆಯೇ ಅಲ್ಲ.

ಧೂಳು

ಈ ಲೆನ್ಸ್‌ಗಳಿಗೆ ರಬ್ಬರ್ ಸೀಲ್ ಇಲ್ಲ. ಜೂಮ್ ಮಾಡಿದಾಗ ನಳಿಕೆ ಹೊರಗೆ ಬಂದು ಗಾಳಿ ಎಳೆದುಕೊಳ್ಳುತ್ತದೆ, ಗಾಳಿ ಜೊತೆ ಧೂಳನ್ನೂ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಪು ಹುಡಿ ಬಟ್ಟೆಗೆ ಹತ್ತಿದರೇ ಹೋಗದು. ಅದನ್ನು ಅಂಗಿ ತುದಿಯಿಂದ ಗಾಜಿನ ಮೇಲೆ ಉಜ್ಜಿದರೆ ಗೀರು ಗ್ಯಾರಂಟಿ. ಮೊದಲು ಬ್ಲೋವರ್, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಬೇಕಿದ್ದರೆ ಮೈಕ್ರೋಫೈಬರ್ ಬಟ್ಟೆ. ಬಾಯಿಂದ ಊದಬೇಡಿ, ಎಂಜಲು ಹನಿ ಕೂಡುತ್ತದೆ. ಲಾರಿ ಓಡಾಡುವ ರಸ್ತೆ ಬದಿ ಲೆನ್ಸ್ ಬದಲಿಸಬೇಡಿ. ಬೈಕ್ ಮೇಲೆ ಹೋಗುವಾಗ ಜೂಮ್ ಪೂರ್ತಿ ಒಳಗೆ ಎಳೆದು ಚೀಲದಲ್ಲಿಡಿ. ಹುಡ್ ಕೊಳ್ಳಿ, ಅದು ಧೂಳಿಗೂ ಎದುರುಬಿಸಿಲಿಗೂ ಅಡ್ಡ ನಿಲ್ಲುತ್ತದೆ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯೊಳಗೆ ಸಿಲಿಕಾ ಜೆಲ್ ಜೊತೆ ಇಡಿ.

ದೊಡ್ಡ ಲೆನ್ಸ್ ಯಾವಾಗ

ಒಂದು ವರ್ಷ ಹೊಡೆದ ಮೇಲೆ, ನೀವು ಇಷ್ಟಪಟ್ಟು ಉಳಿಸಿಕೊಂಡ ಫೋಟೋಗಳ ಮಾಹಿತಿ ತೆರೆದು ಫೋಕಲ್ ಲೆಂಗ್ತ್ ನೋಡಿ. ಬಹುಪಾಲು 250, 300ರಲ್ಲೇ ಇದ್ದು, ಮೇಲೆ ಅರ್ಧಕ್ಕರ್ಧ ಕ್ರಾಪ್ ಆಗಿದ್ದರೆ ಸಿಗ್ಮಾ ಅಥವಾ ಟ್ಯಾಮ್ರಾನ್ 150-600ಕ್ಕೆ ದುಡ್ಡು ಕೂಡಿಸಿ. ಎರಡು ಕಿಲೋ ಆಸುಪಾಸಿನ ಭಾರ, ಹೊರುವ ಶಕ್ತಿ ಇರಲಿ. ಹಕ್ಕಿ ಗುರುತಿಸುವುದಷ್ಟೇ ಆಸೆ ಎಂದಾದರೆ ನಿಕಾನ್ ಪಿ950ಯಂಥ ಬ್ರಿಡ್ಜ್ ಕ್ಯಾಮೆರಾ (ಉದ್ದ ಜೂಮ್ ಇರುವ, ಲೆನ್ಸ್ ಬದಲಿಸಲಾಗದ ಕ್ಯಾಮೆರಾ) ಸಾಕು. ಉಳಿಸಿಕೊಂಡವೆಲ್ಲ 70ರಿಂದ 135ರ ನಡುವಿನ ಸಂಜೆಯ ಮುಖಗಳಾಗಿದ್ದರೆ ನಿಮಗೆ ಬೇಕಾದದ್ದು 85 ಎಂಎಂ ಎಫ್/1.8, ಉದ್ದನೆಯ ಲೆನ್ಸ್ ಅಲ್ಲವೇ ಅಲ್ಲ. ಚಿತ್ರಗಳೆಲ್ಲ ಬೆಳಗಿನ ಹೊತ್ತಿನವಾಗಿ, ಗುಡಿ, ಗದ್ದೆ, ಕಣಗಳದ್ದಾಗಿದ್ದರೆ ಇರುವುದನ್ನೇ ಇಟ್ಟುಕೊಂಡು ಆ ದುಡ್ಡನ್ನು ಪೆಟ್ರೋಲಿಗೆ ಹಾಕಿ.